ಜಪಾನಿನ ಫಾರ್ವರ್ಡ್ ಮೆಸೇಜು ಮತ್ತು ಗಕುಶೂಯಿನ್ ಹಾಜರಿ ಪುಸ್ತಕ

ಸೆಪ್ಟೆಂಬರ್ 5 ಹತ್ತಿರ ಬಂತೆಂದರೆ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜು ಎದ್ದು ಕೂರುತ್ತದೆ. ಜಪಾನಿನಲ್ಲಿ ಚಕ್ರವರ್ತಿಯ ಮುಂದೆ ಎಲ್ಲರೂ ತಲೆಬಾಗಬೇಕಂತೆ, ಮೇಷ್ಟ್ರು ಮಾತ್ರ ಬಾಗಬೇಕಿಲ್ಲವಂತೆ. ಯಾಕೆಂದರೆ ಮೇಷ್ಟ್ರು ಇಲ್ಲದೆ ಚಕ್ರವರ್ತಿಯೂ ಇಲ್ಲವಂತೆ. ಕೆಳಗೆ ನಾಲ್ಕು ಕೈಮುಗಿದ ಚಿತ್ರ. ಶಿಕ್ಷಕರ ದಿನ ಮುಗಿದ ಮೇಲೆ, ಯಾವುದಾದರೂ ಪರೀಕ್ಷೆಯ ಫಲಿತಾಂಶ ಬಂದಾಗ, ಇದರ ತಮ್ಮ ಬರುತ್ತಾನೆ: ಜಪಾನಿನಲ್ಲಿ ಜಾತಿ ಇಲ್ಲ, ಮೀಸಲಾತಿ ಇಲ್ಲ, ಅದಕ್ಕೇ ಆ ದೇಶ ಹಾಗಿದೆ, ನಾವು ಹೀಗಿದ್ದೇವೆ.

ಅಣ್ಣ ಬರೀ ಸುಳ್ಳ. ತಮ್ಮ ಕೇಡಿಗ. ಹಾಸ್ಟೆಲಿನಲ್ಲಿದ್ದು ಓದಿ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗಿಯ ಫೋನಿಗೆ ಈ ಮೆಸೇಜು ಹೋದಾಗ ಅದು ಹೇಳುವುದು ಒಂದೇ ಮಾತು: ನಿನ್ನಿಂದಲೇ ದೇಶ ಹಿಂದುಳಿದಿದೆ. ಆದ್ದರಿಂದ ಜಪಾನನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಅದಕ್ಕೆ ಒಂದು ಒಳ್ಳೆಯ ಜಾಗವಿದೆ. ಟೋಕಿಯೊದ ಮೆಜಿರೊ ಎಂಬಲ್ಲಿ, ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲೇ ಮರಗಳ ನಡುವೆ ನಿಂತಿರುವ ಗಕುಶೂಯಿನ್ ವಿಶ್ವವಿದ್ಯಾಲಯ. ಇವತ್ತಿನ ಚಕ್ರವರ್ತಿ ನರುಹಿತೊ ಓದಿದ್ದು ಅಲ್ಲಿ. ಅವರ ಮಗಳು ಐಕೊ 2024ರಲ್ಲಿ ಪದವಿ ಪಡೆದದ್ದೂ ಅಲ್ಲಿ.

ಅದಕ್ಕೂ ಮೊದಲು ತಲೆಬಾಗದ ಮೇಷ್ಟ್ರ ಕಥೆ ಮುಗಿಸಿಬಿಡುತ್ತೇನೆ. 1890ರಲ್ಲಿ ಮೆಯಿಜಿ ಚಕ್ರವರ್ತಿಯ ಹೆಸರಿನಲ್ಲಿ ಶಿಕ್ಷಣದ ಬಗ್ಗೆ ಒಂದು ರಾಜಾಜ್ಞೆ ಹೊರಟಿತು. ಅದರ ಪ್ರತಿಯನ್ನು ಶಾಲೆಗಳಿಗೆ ಕಳಿಸಿ, ಅದರ ಮುಂದೆ ಬಾಗಿ ನಮಿಸಬೇಕು ಎಂದಾಯಿತು. 1891ರ ಜನವರಿಯಲ್ಲಿ ಟೋಕಿಯೊದ ಒಂದು ಸರ್ಕಾರಿ ವಿದ್ಯಾಲಯದಲ್ಲಿ ಉಚಿಮುರಾ ಕಾಂಜೊ ಎಂಬ ಮೇಷ್ಟ್ರು ಸಾಕಷ್ಟು ಬಾಗಲಿಲ್ಲ. ಅವರು ಕ್ರೈಸ್ತರು, ಒಂದು ಕಾಗದಕ್ಕೆ ದೇವರಿಗೆ ಬಾಗಿದಂತೆ ಬಾಗಲು ಮನಸ್ಸು ಒಪ್ಪಲಿಲ್ಲ. ಊರೆಲ್ಲ ಬೊಬ್ಬೆ ಎದ್ದಿತು, ಕೆಲಸ ಹೋಯಿತು. 1898ರಲ್ಲಿ ಉಎದಾ ಎಂಬ ಊರಿನ ಶಾಲೆಗೆ ಬೆಂಕಿ ಬಿದ್ದು ಚಕ್ರವರ್ತಿಯ ಭಾವಚಿತ್ರ ಸುಟ್ಟುಹೋದಾಗ ಅಲ್ಲಿನ ಮುಖ್ಯೋಪಾಧ್ಯಾಯರು ಪ್ರಾಣವನ್ನೇ ತೆಗೆದುಕೊಂಡರು. ಅವರ ಮಗ ಕುಮೆ ಮಸಾಒ ಮುಂದೆ ಹೆಸರಾಂತ ಲೇಖಕನಾದ. ಮೇಷ್ಟ್ರು ತಲೆಬಾಗಬೇಕಿಲ್ಲದ ದೇಶದ ಕಥೆ ಇದು! ಎಮೋಜಿ ಒತ್ತುವ ಮೊದಲು ಈ ಇಬ್ಬರನ್ನು ಒಮ್ಮೆ ನೆನೆಯಿರಿ.

ಈಗ ಜಾತಿ ಮತ್ತು ಮೀಸಲಾತಿಯ ಮಾತು.

ಗಕುಶೂಯಿನ್ ಎಂದರೆ ಕಲಿತು ಮತ್ತೆ ಮತ್ತೆ ರೂಢಿಸಿಕೊಳ್ಳುವ ಮನೆ. ಹೆಸರು ಕನ್‌ಫ್ಯೂಶಿಯಸ್‌ನ ಮಾತಿನಿಂದ ಬಂದದ್ದು. 1847ರಲ್ಲಿ ಕ್ಯೋಟೊ ನಗರದಲ್ಲಿ ಅರಮನೆಗೆ ಸೇರಿದ ಕುಲೀನರ ಮಕ್ಕಳಿಗಾಗಿ ಅದು ಶುರುವಾಯಿತು. ಆಗ ಚಕ್ರವರ್ತಿಗೆ ಹೆಸರಷ್ಟೇ ಇತ್ತು, ಅಧಿಕಾರ ತೊಕುಗಾವಾ ಮನೆತನದ ಕೈಯಲ್ಲಿತ್ತು. 1868ರಲ್ಲಿ ಆಳ್ವಿಕೆ ಬದಲಾಗಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂತು. ಮಾರನೆಯ ವರ್ಷವೇ ಅರಮನೆಯ ಕುಲೀನರನ್ನೂ, ನಾಡಿನ ತುಂಬ ಇದ್ದ ಪಾಳೆಗಾರರನ್ನೂ ಒಟ್ಟಿಗೆ ಕೂಡಿಸಿ ‘ಕಝೊಕು’ ಎಂಬ ಹೊಸ ವರ್ಗ ಮಾಡಿದರು. ಹೂವಿನಂಥ ಮನೆತನ ಎಂದು ಅದರ ಅರ್ಥ. ಆಗ ಇದ್ದದ್ದು 427 ಮನೆತನ.

1872ರಲ್ಲಿ ಅದೇ ಸರ್ಕಾರ ಶಿಕ್ಷಣದ ಹೊಸ ಕಾನೂನು ತಂದು, ಇನ್ನು ಮುಂದೆ ಯಾವ ಹಳ್ಳಿಯಲ್ಲೂ ಓದು ಬಾರದ ಮನೆ ಇರಬಾರದು, ಯಾವ ಮನೆಯಲ್ಲೂ ಓದು ಬಾರದ ಮನುಷ್ಯ ಇರಬಾರದು ಎಂದು ಸಾರಿತು. ಕೇಳಲು ಎಷ್ಟು ಚೆಂದ! ಆದರೆ ಶಾಲೆ ಕಟ್ಟುವ ಖರ್ಚು ಊರಿನ ತಲೆಯ ಮೇಲೆ, ಫೀಸು ಅಪ್ಪನ ತಲೆಯ ಮೇಲೆ. ನಾಟಿಗೆ, ಕಳೆ ಕೀಳಲು ಬೇಕಾದ ಹುಡುಗನನ್ನು ಶಾಲೆಗೆ ಕಳಿಸಿ ಮೇಲೆ ದುಡ್ಡೂ ಕೊಡಬೇಕು. 1873ರಲ್ಲಿ ಹಲವು ಕಡೆ ರೈತರು ದಂಗೆಯೆದ್ದರು. ಕಡ್ಡಾಯ ಸೈನ್ಯದ ಮೇಲಿನ ಸಿಟ್ಟು, ತೆರಿಗೆಯ ಮೇಲಿನ ಸಿಟ್ಟು, ಎಲ್ಲ ಸೇರಿ ಹೊಸ ಶಾಲೆಗಳಿಗೂ ಬೆಂಕಿ ಬಿತ್ತು. ಪ್ರಾಥಮಿಕ ಶಾಲೆಯಲ್ಲಿ ಫೀಸು ಇರಬಾರದು ಎಂಬ ನಿಯಮ ಬಂದದ್ದು 1900ರಲ್ಲಿ, ಅಂದರೆ 28 ವರ್ಷ ತಡವಾಗಿ.

ಹೂವಿನಂಥ ಮನೆತನದವರು ಅಷ್ಟು ಕಾಯಬೇಕಾಗಲಿಲ್ಲ. ಕಾನೂನು ಬಂದು ಐದೇ ವರ್ಷಕ್ಕೆ, 1877ರಲ್ಲಿ, ಟೋಕಿಯೊದಲ್ಲಿ ಅವರ ಮಕ್ಕಳಿಗಾಗಿಯೇ ಗಕುಶೂಯಿನ್ ಹೊಸದಾಗಿ ತೆರೆಯಿತು. ಪ್ರಾರಂಭದ ದಿನ ಖುದ್ದು ಚಕ್ರವರ್ತಿ ಬಂದಿದ್ದರು. 1884ರಲ್ಲಿ ಅದು ಅರಮನೆ ಇಲಾಖೆಯ ಕೈಕೆಳಗಿನ ಸರ್ಕಾರಿ ಸಂಸ್ಥೆಯಾಯಿತು. ಅದೇ ವರ್ಷ ಕಝೊಕುಗಳಿಗೆ ಯುರೋಪಿನ ಡ್ಯೂಕ್, ಬ್ಯಾರನ್‌ಗಳ ಹಾಗೆ ಐದು ಅಂತಸ್ತಿನ ಬಿರುದು ಸಿಕ್ಕಿತು. 1890ರಲ್ಲಿ ಸಂಸತ್ತು ಬಂದಾಗ ಅದರ ಮೇಲ್ಮನೆಯಲ್ಲಿ ಮೊದಲೆರಡು ಅಂತಸ್ತಿನವರಿಗೆ ಚುನಾವಣೆಯೇ ಬೇಕಾಗಲಿಲ್ಲ, ಹುಟ್ಟಿದ್ದೇ ಸಾಕಾಯಿತು.

ಶಾಲೆಯ ನಿಯಮ ಕೇಳಿ. ಕಝೊಕು ಮನೆಯ ಹುಡುಗ ಗಕುಶೂಯಿನ್ ಸೇರಲು ಪರೀಕ್ಷೆ ಬರೆಯಬೇಕಿಲ್ಲ. ಸೇರಿದ ಮೇಲೆ ಮೇಲಿನ ತರಗತಿಯವರೆಗೂ ದಾರಿ ಸಲೀಸು. ಅಲ್ಲಿಂದ ಹೊರಬಿದ್ದಾಗ ಚಕ್ರಾಧಿಪತ್ಯದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸೀಟು ಖಾಲಿ ಇದ್ದರೆ ಅದಕ್ಕೂ ಪರೀಕ್ಷೆ ಬೇಡ. ಈ ಸವಲತ್ತು 1922ರ ತನಕ ನಡೆಯಿತು. ಬೇರೆ ಹುಡುಗರು ಅದೇ ಸೀಟಿಗಾಗಿ ರಾತ್ರಿಯೆಲ್ಲ ಎಣ್ಣೆ ದೀಪ ಸುಡುತ್ತಿದ್ದ ಕಾಲವದು.

ಇದಕ್ಕೆ ಮೀಸಲಾತಿ ಎನ್ನದೆ ಇನ್ನೇನೆನ್ನಬೇಕು? ಕುಲ ನೋಡಿ ಸೀಟು ಕೊಡುವುದು, ಅದೂ ಮೇಲಿನವರಿಗೆ. ‘ಜಪಾನಿನಲ್ಲಿ ಮೀಸಲಾತಿ ಇರಲಿಲ್ಲ’ ಎನ್ನುವವರ ಕಣ್ಣಿಗೆ ಇದು ಕಾಣುವುದೇ ಇಲ್ಲ. ಮೇಲಿದ್ದವನಿಗೆ ಸಿಕ್ಕರೆ ಸಂಪ್ರದಾಯ, ಕೆಳಗಿದ್ದವನಿಗೆ ಸಿಕ್ಕರೆ ಮೀಸಲಾತಿ ಎಂಬ ಲೆಕ್ಕ ನಮ್ಮಲ್ಲೂ ಹೊಸದಲ್ಲ.

ಜಾತಿಯ ವಿಷಯ. ಜಪಾನಿನಲ್ಲಿ ಸತ್ತ ದನ ಎತ್ತುವವರು, ಚರ್ಮ ಹದ ಮಾಡುವವರು, ಇಂಥವರನ್ನು ಊರ ಹೊರಗೆ ಇಟ್ಟಿದ್ದರು. ಮುಟ್ಟಿದರೆ ಮೈಲಿಗೆ, ಮದುವೆ ಸಂಬಂಧ ಇಲ್ಲ, ಬೇರೆ ಕೇರಿ. ಬುರಾಕು ಎಂದರೆ ಆ ಕೇರಿ, ಬುರಾಕುಮಿನ್ ಎಂದರೆ ಆ ಕೇರಿಯವರು. 1871ರಲ್ಲಿ ಕಾಗದದ ಮೇಲೆ ಬಿಡುಗಡೆಯಾಯಿತು. ಕಾಗದ ಕೇರಿಗೆ ಬಂದು ಮುಟ್ಟಲು ಎಷ್ಟು ಕಾಲ ಬೇಕಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಅವರೇ ‘ಸುಯಿಹೆಯಿಷಾ’ ಎಂಬ ಸಂಘ ಕಟ್ಟಿದರು. ನೀರಿನ ಮಟ್ಟದಂತೆ ಸಮನಾದವರ ಸಂಘ ಎಂದರ್ಥ. ಎಷ್ಟು ಒಳ್ಳೆಯ ಹೆಸರು ನೋಡಿ. ಗದ್ದೆಗೆ ನೀರು ಕಟ್ಟಿದವನಿಗೆ ಗೊತ್ತು, ನೀರು ಒಂದು ಮೂಲೆಯಲ್ಲಿ ಎತ್ತರ ನಿಲ್ಲುವುದಿಲ್ಲ.

ಆ ಸಂಘ 1924ರಲ್ಲಿ ತೊಕುಗಾವಾ ಮನೆತನದ ಯಜಮಾನನಿಗೆ ನಿನ್ನ ಬಿರುದು ಬಿಟ್ಟುಕೊಡು ಎಂದು ಒತ್ತಾಯಿಸಿತು. ಆತ ಆಗ ಮೇಲ್ಮನೆಯ ಅಧ್ಯಕ್ಷ. ಆ ಚಳವಳಿಯ ಮುಂದಾಳು ಫುಕುವೊಕಾ ಕಡೆಯ ಮತ್ಸುಮೊಟೊ ಜಿಯಿಚಿರೊ. ಅವರ ವಾದ ಸರಳ: ಹುಟ್ಟಿನಿಂದ ಮೇಲಾದವರು ಇರುವವರೆಗೂ ಹುಟ್ಟಿನಿಂದ ಕೀಳಾದವರೂ ಇರುತ್ತಾರೆ, ಆದ್ದರಿಂದ ಕೇರಿಯ ಅವಮಾನ ಹೋಗಬೇಕಾದರೆ ಮೊದಲು ಅರಮನೆಯ ಬಿರುದು ಹೋಗಬೇಕು. ಜೈಲು ಸೇರಿದರು, ಬಿಡಲಿಲ್ಲ.

1947ರಲ್ಲಿ ಹೊಸ ಸಂವಿಧಾನ ಬಂತು. ಅದರ 14ನೆಯ ವಿಧಿ ಕುಲೀನ ವರ್ಗವನ್ನೇ ತೆಗೆದುಹಾಕಿತು. ಮತ್ಸುಮೊಟೊ ಹೊಸ ಮೇಲ್ಮನೆಯ ಉಪಾಧ್ಯಕ್ಷರಾದರು. 1948ರ ಜನವರಿಯಲ್ಲಿ ಸಂಸತ್ತಿನ ಪ್ರಾರಂಭಕ್ಕೆ ಚಕ್ರವರ್ತಿ ಬಂದಾಗ ಒಂದು ಹಳೆಯ ಪದ್ಧತಿ ಇತ್ತು. ಅವರಿಗೆ ಬೆನ್ನು ತೋರಿಸಬಾರದೆಂದು ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕಿ ಹತ್ತಿರ ಹೋಗಿ, ಹಾಗೆಯೇ ಅಡ್ಡಡ್ಡ ವಾಪಸಾಗಬೇಕು. ಮತ್ಸುಮೊಟೊ ನಿರಾಕರಿಸಿದರು. ನಾನು ಏಡಿಯಲ್ಲ, ಮನುಷ್ಯನ ಹಾಗೆ ನಡೆಯುತ್ತೇನೆ ಎಂಬುದು ಅವರ ನಿಲುವಾಗಿತ್ತು. ಚಕ್ರವರ್ತಿಯ ಮುಂದೆ ನೆಟ್ಟಗೆ ನಡೆದವನನ್ನು ಹುಡುಕುತ್ತಿದ್ದರೆ ಇಗೋ ಇಲ್ಲಿದ್ದಾನೆ. ಮೇಷ್ಟ್ರಲ್ಲ, ಕೇರಿಯ ಮನುಷ್ಯ. ಇವರ ಬಗ್ಗೆ ಫಾರ್ವರ್ಡ್ ಮಾಡಿ.

ಇನ್ನೂ ಇದೆ. 1969ರಲ್ಲಿ ಜಪಾನ್ ಸರ್ಕಾರ ಬುರಾಕು ಕೇರಿಗಳಿಗಾಗಿ ವಿಶೇಷ ಕಾನೂನು ಮಾಡಿತು. ಮನೆ, ರಸ್ತೆ, ಮಕ್ಕಳ ಓದಿಗೆ ಸಹಾಯಧನ. ಈ ಯೋಜನೆಗಳು ಬೇರೆ ಬೇರೆ ಹೆಸರಿನಲ್ಲಿ 2002ರವರೆಗೆ, ಮೂವತ್ತಮೂರು ವರ್ಷ ನಡೆದವು. ತಾರತಮ್ಯ ಇನ್ನೂ ಇದೆ ಎಂದು ಒಪ್ಪಿಕೊಂಡು 2016ರಲ್ಲಿ ಮತ್ತೊಂದು ಕಾನೂನು ಬಂತು. ಬುಲೆಟ್ ರೈಲು ಓಡಿಸುವ ದೇಶ, ಕಾರು ಮಾಡುವ ದೇಶ, ಅದೇ ವರ್ಷಗಳಲ್ಲಿ ಜಾತಿಯ ಗಾಯಕ್ಕೆ ಸರ್ಕಾರಿ ದುಡ್ಡಿನಲ್ಲಿ ಮದ್ದು ಹಚ್ಚುತ್ತಿತ್ತು. ಅದರಿಂದ ರೈಲು ನಿಧಾನವಾಗಲಿಲ್ಲ.

*

‘ಆದರೂ ಅಂಥ ದೊಡ್ಡ ಶಾಲೆಗಳು ದೊಡ್ಡ ನಾಯಕರನ್ನು ಕೊಟ್ಟವಲ್ಲ’ ಎಂದು ಕೇಳುವವರಿದ್ದಾರೆ. ಆ ಮಾತಿಗೂ ಲೆಕ್ಕ ಹಾಕೋಣ.

ಕೊನೊಯೆ ಫುಮಿಮಾರೊ ಅತಿ ಮೇಲಿನ ಕುಲದವರು. ಅವರ ತಂದೆ ಗಕುಶೂಯಿನ್ನಿನ ಮುಖ್ಯಸ್ಥರಾಗಿದ್ದರು, ಮಗ ಅಲ್ಲಿ ಓದಿದವರು. 1937ರ ಜೂನ್‌ನಲ್ಲಿ ಪ್ರಧಾನಿಯಾದರು. ಜುಲೈನಲ್ಲಿ ಚೀನಾದೊಂದಿಗೆ ಯುದ್ಧ ಹತ್ತಿಕೊಂಡಿತು, ಅದನ್ನು ಆರಿಸುವ ಬದಲು ಅವರ ಸರ್ಕಾರ ಹೆಚ್ಚಿಸಿತು. 1945ರ ಡಿಸೆಂಬರ್‌ನಲ್ಲಿ ಬಂಧನಕ್ಕೆ ಮುಂಚೆ ವಿಷ ಕುಡಿದರು. ಅವರ ಗೆಳೆಯ ಕಿದೊ ಕೊಯಿಚಿ ಕೂಡ ಗಕುಶೂಯಿನ್ ಹುಡುಗನೇ. ಯುದ್ಧದ ಉದ್ದಕ್ಕೂ ಚಕ್ರವರ್ತಿಯ ಕಿವಿಗೆ ಅತಿ ಹತ್ತಿರವಿದ್ದ ಸಲಹೆಗಾರ. ಟೋಕಿಯೊ ವಿಚಾರಣೆಯಲ್ಲಿ ಜೀವಾವಧಿ ಶಿಕ್ಷೆಯಾಯಿತು. ಒಂದೇ ಶಾಲೆ, ಒಂದೇ ಅಂಗಳ, ಒಂದೇ ಬಗೆಯ ಮನೆಗಳು. ಇವರ ತರಗತಿಯಲ್ಲಿ ಮಂಚೂರಿಯಾದ ಚಳಿಗೆ ಮಗನನ್ನು ಕಳಿಸಿದ ರೈತನ ಮನೆಯ ಹುಡುಗ ಒಬ್ಬನೂ ಕೂತಿರಲಿಲ್ಲ. ಯುದ್ಧದ ಖರ್ಚು ಯಾರ ಮನೆಯಲ್ಲಿ ಬೀಳುತ್ತದೆ ಎಂದು ಪಕ್ಕದ ಬೆಂಚಿನಿಂದ ಹೇಳುವವರಿರಲಿಲ್ಲ. ನನ್ನ ತಕರಾರು ಇದು. ಅವರೆಲ್ಲ ಕೆಟ್ಟವರೆಂದಲ್ಲ.

ಕೆಟ್ಟವರಲ್ಲದವರೂ ಅಲ್ಲಿಂದ ಬಂದರು. ಆದರೆ ಹೇಗೆ ಬಂದರು ನೋಡಿ, ಬೇಲಿ ಹಾರಿ ಬಂದರು.

ತ್ಸುದಾ ಉಮೆಕೊ ಆರು ವರ್ಷದ ಹುಡುಗಿಯಾಗಿದ್ದಾಗ, 1871ರಲ್ಲಿ, ಸರ್ಕಾರ ಅವಳನ್ನು ಅಮೆರಿಕಕ್ಕೆ ಓದಲು ಕಳಿಸಿತು. ಬೆಳೆದು ವಾಪಸಾದ ಮೇಲೆ 1885ರಲ್ಲಿ ಕುಲೀನರ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಒಳ್ಳೆಯ ಸಂಬಳ, ಅರಮನೆಯ ಗೌರವ. ಆದರೆ ಅಲ್ಲಿ ಬೇಕಾಗಿದ್ದದ್ದು ಒಳ್ಳೆಯ ಮನೆತನಕ್ಕೆ ಒಪ್ಪುವ ಹೆಂಡತಿಯರು, ಸ್ವಂತ ಕಾಲಿನ ಮೇಲೆ ನಿಲ್ಲುವ ಹೆಂಗಸರಲ್ಲ. ಹದಿನೈದು ವರ್ಷ ಕಲಿಸಿ 1900ರಲ್ಲಿ ಕೆಲಸ ಬಿಟ್ಟು, ಬಾಡಿಗೆ ಮನೆಯೊಂದರಲ್ಲಿ ಹತ್ತು ಹುಡುಗಿಯರೊಂದಿಗೆ ತನ್ನದೇ ಶಾಲೆ ಶುರುಮಾಡಿದಳು. ಅದು ಇಂದು ತ್ಸುದಾ ವಿಶ್ವವಿದ್ಯಾಲಯ. 2024ರಿಂದ ಜಪಾನಿನ ಐದು ಸಾವಿರ ಯೆನ್ ನೋಟಿನ ಮೇಲೆ ಆಕೆಯ ಮುಖವಿದೆ.

1907ರಲ್ಲಿ ಜನರಲ್ ನೋಗಿ ಮಾರೆಸುಕೆ ಗಕುಶೂಯಿನ್ನಿನ ಮುಖ್ಯಸ್ಥರಾದರು. ರಷ್ಯಾ ಯುದ್ಧದಲ್ಲಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಮುದುಕ. ಶಾಲೆ 1908ರಲ್ಲಿ ಮೆಜಿರೊಗೆ ಬಂದಾಗ ಹುಡುಗರ ಹಾಸ್ಟೆಲಿನಲ್ಲೇ ಉಳಿದು, ಅವರ ಊಟವನ್ನೇ ಉಂಡರು. ಪುಟ್ಟ ಹಿರೊಹಿತೊ ಅವರ ಕೈಕೆಳಗೆ ಕಲಿತದ್ದು. ಸರಳತೆಗೆ ನಾನು ಕೈಮುಗಿಯುತ್ತೇನೆ. ಆದರೆ ಅವರು ಕಲಿಸಿದ ಪಾಠದ ಕೊನೆಯ ಪುಟ ಚಕ್ರವರ್ತಿಗಾಗಿ ಸಾಯುವುದು. 1912ರ ಸೆಪ್ಟೆಂಬರ್ 13ರಂದು, ಮೆಯಿಜಿ ಚಕ್ರವರ್ತಿಯ ಅಂತ್ಯಸಂಸ್ಕಾರದ ದಿನ, ಅವರೂ ಹೆಂಡತಿಯೂ ಪ್ರಾಣ ತೆಗೆದುಕೊಂಡರು. ದೇಶ ಕಣ್ಣೀರಿಟ್ಟಿತು. ಅದೇ ಶಾಲೆಯಲ್ಲಿ ಓದಿದ ಶಿಗಾ ನವೊಯಾ ಎಂಬ ತರುಣ ಲೇಖಕನಿಗೆ ಅದು ದಡ್ಡತನವಾಗಿ ಕಂಡಿತು. ಅವನೂ ಮುಶಾನೊಕೋಜಿ ಸನೆಯಾತ್ಸು ಮುಂತಾದ ಗೆಳೆಯರೂ ಸೇರಿ 1910ರಲ್ಲಿ ‘ಶಿರಾಕಬಾ’ ಎಂಬ ಪತ್ರಿಕೆ ತಂದಿದ್ದರು. ಚಕ್ರವರ್ತಿಗಿಂತ ಮನುಷ್ಯ ದೊಡ್ಡವನು ಎಂಬ ಧಾಟಿಯ ಬರಹ. ಗಕುಶೂಯಿನ್‌ನಲ್ಲೇ ಆ ಪತ್ರಿಕೆಗೆ ನಿಷೇಧ. ಇವತ್ತು ಜಪಾನಿ ಸಾಹಿತ್ಯದ ಇತಿಹಾಸ ಬರೆಯುವವರು ಆ ಪತ್ರಿಕೆಯನ್ನು ದಾಟಿ ಹೋಗಲಾರರು.

ಆ ಗುಂಪಿನಲ್ಲಿ ನನಗೆ ಹೆಚ್ಚು ಹಿಡಿಸುವವನು ಅರಿಶಿಮಾ ತಾಕೆಯೊ. ಗಕುಶೂಯಿನ್‌ನಲ್ಲಿ ಓದುವಾಗ ಯುವರಾಜನಿಗೆ ಓದಿನ ಜೊತೆಗಾರನಾಗಿ ಆಯ್ಕೆಯಾಗಿದ್ದ ಹುಡುಗ. ಅಪ್ಪ ಹಣಕಾಸು ಇಲಾಖೆಯ ದೊಡ್ಡ ಅಧಿಕಾರಿ, ಹೊಕ್ಕೈದೊ ಸೀಮೆಯಲ್ಲಿ ನೂರಾರು ಎಕರೆ ಜಮೀನು ಮಾಡಿಟ್ಟಿದ್ದ. ಗೇಣಿಗೆ ಉಳುವವರು ಅಲ್ಲಿ ಹಿಮದಲ್ಲಿ ಬೇರು ಕಿತ್ತು ಹೊಲ ಮಾಡುತ್ತಿದ್ದರು. ಅರಿಶಿಮಾ ಯುವರಾಜನ ಸಹವಾಸ ಬಿಟ್ಟು ಸಪ್ಪೊರೊದ ಕೃಷಿ ಕಾಲೇಜಿಗೆ ಹೋದ. ಆ ಗೇಣಿದಾರರ ಬದುಕಿನ ಮೇಲೆ ಕಾದಂಬರಿ ಬರೆದ. ಬರೆದು ಸುಮ್ಮನಿರಲಿಲ್ಲ. 1922ರಲ್ಲಿ ಗೇಣಿದಾರರನ್ನು ಕರೆದು ಈ ಜಮೀನು ಇನ್ನು ನಿಮ್ಮದು ಎಂದ. ಒಬ್ಬೊಬ್ಬರಿಗೆ ತುಂಡು ಮಾಡಿ ಕೊಡಲಿಲ್ಲ, ಎಲ್ಲರಿಗೂ ಸೇರಿದ ಜಮೀನಾಗಿ ಕೊಟ್ಟ, ಯಾಕೆಂದರೆ ತುಂಡಾದರೆ ನಾಳೆ ಸಾಲಗಾರನ ಪಾಲಾಗುತ್ತದೆ ಎಂಬ ಭಯ. ಅವರು ಸಹಕಾರಿ ಸಂಘ ಮಾಡಿಕೊಂಡು ಕಾಲು ಶತಮಾನ ನಡೆಸಿದರು. ಯುದ್ಧದ ನಂತರದ ಭೂ ಸುಧಾರಣೆಯಲ್ಲಿ, 1949ರಲ್ಲಿ, ಅದು ಕುಟುಂಬಗಳಿಗೆ ಹಂಚಿಹೋಯಿತು. ಆ ಊರಿನ ಇಂದಿನ ಹೆಸರು ನಿಸೆಕೊ. ಈಗ ಅಲ್ಲಿ ಹೊರದೇಶದ ಶ್ರೀಮಂತರು ಹಿಮದ ಮೇಲೆ ಜಾರುವ ಆಟಕ್ಕೆ ಬರುತ್ತಾರೆ.

ಎಲ್ಲರ ಬೇಲಿ ಹಾರಾಟ ಹೀಗೆ ಸುಖವಾಗಿ ಮುಗಿಯಲಿಲ್ಲ. 1933ರಲ್ಲಿ ಕಮ್ಯುನಿಸ್ಟರೊಂದಿಗೆ ಸೇರಿದರೆಂದು ಗಕುಶೂಯಿನ್‌ನಲ್ಲಿ ಓದಿದ ಹಲವು ಕುಲೀನ ತರುಣರನ್ನು ಪೊಲೀಸರು ಹಿಡಿದರು. ಅದರಲ್ಲಿ ಇವಾಕುರಾ ಯಾಸುಕೊ ಎಂಬ ಇಪ್ಪತ್ತರ ಹುಡುಗಿಯಿದ್ದಳು. ಕಝೊಕು ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದ ಇವಾಕುರಾ ತೊಮೊಮಿ ಎಂಬ ಮಹಾ ಪ್ರಭಾವಿಯ ಮರಿಮಗಳು ಅವಳು. ತಿಂಗಳುಗಟ್ಟಲೆ ಬಂಧನದಲ್ಲಿಟ್ಟು ಡಿಸೆಂಬರ್‌ನಲ್ಲಿ ಬಿಟ್ಟರು. ಮನೆಗೆ ಬಂದ ಕೆಲವೇ ದಿನಕ್ಕೆ ಪ್ರಾಣ ಬಿಟ್ಟಳು.

ಇನ್ನೊಂದು ಹೆಸರು ನತ್ಸುಮೆ ಸೋಸೆಕಿ. ಜಪಾನಿನ ಬಹು ದೊಡ್ಡ ಕಾದಂಬರಿಕಾರ. 1914ರ ನವೆಂಬರ್ 25ರಂದು ಗಕುಶೂಯಿನ್ ಹುಡುಗರು ಅವರನ್ನು ಭಾಷಣಕ್ಕೆ ಕರೆದರು. ಅವರು ಮೊದಲು ತಮ್ಮನ್ನೇ ಗೇಲಿ ಮಾಡಿಕೊಂಡರು: ತರುಣನಾಗಿದ್ದಾಗ ಇದೇ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಗುತ್ತದೆಂದು ನಂಬಿ ಹೊಸ ಕೋಟು ಹೊಲಿಸಿಕೊಂಡಿದ್ದರಂತೆ, ಕೆಲಸ ಬೇರೆಯವರಿಗೆ ಹೋಯಿತಂತೆ, ಕೋಟು ಮಾತ್ರ ಉಳಿಯಿತಂತೆ. ಹುಡುಗರು ನಕ್ಕಿರಬೇಕು. ಆಮೇಲೆ ನಿಧಾನವಾಗಿ ಬಿಗಿ ಮಾಡಿದರು. ನೀವು ಇಲ್ಲಿಂದ ಹೋದ ಮೇಲೆ ನಿಮ್ಮ ಕೈಗೆ ಬಡವರಿಗಿಂತ ಹೆಚ್ಚು ಅಧಿಕಾರ ಬರುತ್ತದೆ, ಹೆಚ್ಚು ಹಣ ಬರುತ್ತದೆ. ನಿಮ್ಮ ದಾರಿ ನಿಮಗೆ ಬೇಕಾದರೆ ಇನ್ನೊಬ್ಬನ ದಾರಿಯನ್ನೂ ಬಿಡಬೇಕು. ಅಧಿಕಾರ ಬಳಸುವವನಿಗೆ ಕರ್ತವ್ಯ ಗೊತ್ತಿರಬೇಕು, ಹಣ ತೋರಿಸುವವನಿಗೆ ಹೊಣೆ ಗೊತ್ತಿರಬೇಕು. ಭಾಷಣದ ಸಾರ ಇದು. ಕುಲೀನರ ಮಕ್ಕಳನ್ನು ಅವರ ಸಭಾಂಗಣದಲ್ಲೇ ನಿಲ್ಲಿಸಿಕೊಂಡು ಹೀಗೆ ಹೇಳಿದ ಮನುಷ್ಯ, ಸರ್ಕಾರ ಕೊಟ್ಟ ಡಾಕ್ಟರೇಟನ್ನು 1911ರಲ್ಲಿ ಬೇಡವೆಂದು ಹಿಂದಿರುಗಿಸಿದವರು. ಮೇಷ್ಟ್ರ ದಿನಕ್ಕೆ ಜಪಾನಿನಿಂದ ಏನಾದರೂ ಬೇಕೇಬೇಕು ಎಂದಿದ್ದರೆ ಇದನ್ನು ತರಬಹುದಿತ್ತಲ್ಲ?

*

ಯುದ್ಧ ಸೋತ ಮೇಲೆ ಬಿರುದು ಹೋಯಿತು, ಅರಮನೆಯ ಹಣ ಹೋಯಿತು. 1947ರಲ್ಲಿ ಗಕುಶೂಯಿನ್ ಖಾಸಗಿ ಸಂಸ್ಥೆಯಾಯಿತು, 1949ರಲ್ಲಿ ವಿಶ್ವವಿದ್ಯಾಲಯ ತೆರೆಯಿತು. ಅದರ ಚುಕ್ಕಾಣಿ ಹಿಡಿದದ್ದು ಅಬೆ ಯೋಶಿಶಿಗೆ, ತತ್ವಶಾಸ್ತ್ರದ ವಿದ್ವಾಂಸರು, ಒಮ್ಮೆ ಶಿಕ್ಷಣ ಮಂತ್ರಿಯಾಗಿದ್ದವರು. ಈಗ ಯಾರ ಮಗನಾದರೂ ಪರೀಕ್ಷೆ ಬರೆದು ಬರಬಹುದು.

ಆ ಹೊಸ ವಿಶ್ವವಿದ್ಯಾಲಯಕ್ಕೆ 1952ರಲ್ಲಿ ಯುವರಾಜ ಅಕಿಹಿತೊ ಸೇರಿದರು. ಹಿರೊಹಿತೊ ಮಗ, ಮುಂದಿನ ಚಕ್ರವರ್ತಿ. 1953ರಲ್ಲಿ ಬ್ರಿಟನ್ ರಾಣಿ ಎಲಿಜಬೆತ್ ಪಟ್ಟಾಭಿಷೇಕಕ್ಕೆ ತಂದೆಯ ಪ್ರತಿನಿಧಿಯಾಗಿ ಹೋಗಿ, ಯುರೋಪು ಅಮೆರಿಕವನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ತರಗತಿ ತಪ್ಪಿತ್ತು, ಕ್ರೆಡಿಟ್ ಕೂಡಿರಲಿಲ್ಲ. ದೇಶದ ಕೆಲಸಕ್ಕೆ ಹೋಗಿದ್ದರು, ಯುವರಾಜ ಬೇರೆ, ಕಣ್ಣು ಮುಚ್ಚಿ ಪಾಸು ಮಾಡಬಹುದಿತ್ತು. ಮಾಡಲಿಲ್ಲ. ಅಕಿಹಿತೊ ಪದವಿಯ ವಿದ್ಯಾರ್ಥಿಯಾಗಿ ಮುಂದುವರಿಯದೆ, ಕೂತು ಪಾಠ ಕೇಳುವವರಾಗಿ 1956ರಲ್ಲಿ ಓದು ಮುಗಿಸಿದರು. ಮೂವತ್ತು ವರ್ಷ ಸಿಂಹಾಸನದಲ್ಲಿ ಕೂತ ಆ ಚಕ್ರವರ್ತಿಗೆ ಗಕುಶೂಯಿನ್ ಪದವಿ ಇಲ್ಲ.

ಇದು ನಡೆದದ್ದು. ಕೈಮುಗಿದ ಎಮೋಜಿ ಇಲ್ಲದೆ ಇದು ಎಷ್ಟು ದೊಡ್ಡದಾಗಿ ಕಾಣುತ್ತದೆ! ಹುಟ್ಟಿದ್ದಕ್ಕೇ ಸೀಟು ಕೊಡುತ್ತಿದ್ದ ಶಾಲೆ, ಕಾನೂನು ಬದಲಾಗಿ ಹತ್ತು ವರ್ಷವೂ ಆಗದಿರುವಾಗ, ಸ್ವತಃ ಯುವರಾಜನ ಹಾಜರಿಯನ್ನು ಎಲ್ಲರ ಹಾಜರಿಯಂತೆ ಲೆಕ್ಕ ಹಾಕಿತು. ಜನರ ಸ್ವಭಾವ ಹತ್ತು ವರ್ಷದಲ್ಲಿ ಬದಲಾಗಿರಲಿಲ್ಲ, ಬದಲಾದದ್ದು ನಿಯಮ. 1959ರಲ್ಲಿ ಅದೇ ಅಕಿಹಿತೊ ಶೋದಾ ಮಿಚಿಕೊ ಅವರನ್ನು ಮದುವೆಯಾದಾಗ ಹಳೆಯ ಕುಲೀನ ವಲಯದಲ್ಲಿ ಗೊಣಗಾಟ ಎದ್ದಿತು. ಹುಡುಗಿ ಕಝೊಕು ಮನೆಯವಳಲ್ಲ, ಗಕುಶೂಯಿನ್‌ನಲ್ಲಿ ಓದಿದವಳಲ್ಲ, ಹಿಟ್ಟಿನ ಗಿರಣಿಯವನ ಮಗಳು! ಗಿರಣಿ ಎಂದರೆ ನಮ್ಮೂರಿನ ರಾಗಿ ಗಿರಣಿಯಲ್ಲ, ದೇಶದ ಅತಿ ದೊಡ್ಡ ಹಿಟ್ಟಿನ ಕಂಪನಿ. ಅಷ್ಟಾದರೂ ಅವರ ಕಣ್ಣಿಗೆ ಆಕೆ ಸಾಮಾನ್ಯಳು. ಮನಸ್ಸು ಹಾಗೇ ಇತ್ತು. ಸಂವಿಧಾನ ಮಾತ್ರ ಅವರ ಬಾಯಿಗೆ ಕೊಟ್ಟದ್ದಕ್ಕಿಂತ ಹೆಚ್ಚನ್ನು ಕೈಗೆ ಕೊಡಲಿಲ್ಲ.

ಹಾಗೆಂದು ಮೆಜಿರೊದಲ್ಲಿ ಈಗ ನೀರು ಸಮಮಟ್ಟಕ್ಕೆ ನಿಂತಿದೆ ಎಂದು ನಾನು ಹೇಳುವುದಿಲ್ಲ. ಹುಟ್ಟು ಇಳಿದ ಕುರ್ಚಿಯಲ್ಲಿ ಹಣ ಬಂದು ಕೂತಿದೆ. ಗಕುಶೂಯಿನ್ ಸಂಸ್ಥೆಗೆ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ತನ್ನದೇ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲು ಹಿಡಿದ ಮಗು ಒಳಗಿಂದಲೇ ಮೇಲೆ ಹೋಗಬಹುದು. ಅದಕ್ಕೇ ಟೋಕಿಯೊದ ಉಳ್ಳವರು ಇಂಥ ಖಾಸಗಿ ಶಾಲೆಗಳಿಗೆ ಸೇರಿಸಲು ಐದಾರು ವರ್ಷದ ಮಕ್ಕಳನ್ನು ಟ್ಯೂಷನ್ನಿಗೆ ಕಳಿಸುತ್ತಾರೆ. ವಿಶ್ವವಿದ್ಯಾಲಯದ ಮೊದಲ ವರ್ಷದ ಖರ್ಚು ಹತ್ತು ಲಕ್ಷ ಯೆನ್ ದಾಟುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳ ನಿಗದಿತ ವಾರ್ಷಿಕ ಶುಲ್ಕ 5,35,800 ಯೆನ್, ಅದೂ ಕಡಿಮೆಯಲ್ಲ, 2025ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ ಅದನ್ನು 6,42,960ಕ್ಕೆ ಏರಿಸಿತು, ವಿದ್ಯಾರ್ಥಿಗಳು ಪ್ರತಿಭಟಿಸಿದರು. ಜಪಾನಿನ ಹುಡುಗರೂ ಫೀಸಿಗಾಗಿ ಬೀದಿಗೆ ಬರುತ್ತಾರೆ ಎಂಬ ಮೆಸೇಜು ನಿಮಗೆ ಬಂದಿದೆಯೆ?

ದೊಡ್ಡ ಶಾಲೆಯ ಹೆಸರು ದೊಡ್ಡ ತಲೆಗೆ ಗ್ಯಾರಂಟಿಯೂ ಅಲ್ಲ. 2008ರಲ್ಲಿ ಪ್ರಧಾನಿಯಾದ ಅಸೊ ತಾರೊ ಗಕುಶೂಯಿನ್ ಪದವೀಧರರು, ಮಾಜಿ ಪ್ರಧಾನಿಯ ಮೊಮ್ಮಗ, ಕಲ್ಲಿದ್ದಲು ಗಣಿಯ ಮನೆತನ. ಭಾಷಣ ಓದುವಾಗ ಸಾಮಾನ್ಯ ಅಕ್ಷರಗಳನ್ನೇ ತಪ್ಪಾಗಿ ಓದಿ ಓದಿ ಪತ್ರಿಕೆಗಳಿಗೆ ತಿಂಗಳುಗಟ್ಟಲೆ ನಗುವಿನ ಸರಕಾದರು.

*

ಜಪಾನನ್ನು ತೋರಿಸಿ ನಮ್ಮ ಬಾಯಿ ಮುಚ್ಚಿಸುವ ಅಭ್ಯಾಸಕ್ಕೆ ಕರ್ನಾಟಕದಲ್ಲಿ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದರು. ಅಲ್ಲಿನ ಕಾರ್ಖಾನೆ, ಶಾಲೆ, ಶಿಸ್ತು ಅವರ ಮನಸ್ಸನ್ನು ಹಿಡಿಯಿತು. ಮೈಸೂರು ವಿಶ್ವವಿದ್ಯಾಲಯ, ಕಡ್ಡಾಯ ಶಿಕ್ಷಣದ ಪ್ರಯತ್ನ, ಕೈಗಾರಿಕೆ, ಇವೆಲ್ಲದರ ಹಿಂದೆ ಆ ಮೆಚ್ಚುಗೆ ಇದೆ, ಅದರ ಫಲ ನಾವೂ ಉಂಡಿದ್ದೇವೆ. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೂ ಪಾಲು ಕೊಡಲು ಹೊರಟಾಗ ದಿವಾನರು ಒಪ್ಪಲಿಲ್ಲ. ದಕ್ಷತೆ ಕುಸಿಯುತ್ತದೆ ಎಂಬುದು ಅವರ ಆತಂಕ. ಆ ಭಿನ್ನಾಭಿಪ್ರಾಯದಲ್ಲೇ ದಿವಾನಗಿರಿ ಬಿಟ್ಟರು. ಅರಸರು ಸಮಿತಿಯ ಮಾತಿನಂತೆ ಮುಂದೆ ಹೋದರು.

ವಿಶ್ವೇಶ್ವರಯ್ಯನವರ ಮೇಲೆ ನನಗೆ ಗೌರವವಿದೆ, ಮಂಡ್ಯದ ನಾಲೆ ನೀರು ಕುಡಿದು ಬೆಳೆದ ಯಾರಿಗೆ ಇಲ್ಲ? ಆದರೆ ಅವರು ಮೆಚ್ಚಿದ ಜಪಾನಿನಲ್ಲಿ ಅದೇ ಹೊತ್ತಿಗೆ ಕುಲೀನರ ಹುಡುಗರು ಪರೀಕ್ಷೆಯಿಲ್ಲದೆ ವಿಶ್ವವಿದ್ಯಾಲಯ ಸೇರುತ್ತಿದ್ದರು. ಆ ದಾರಿ 1922ರವರೆಗೂ ತೆರೆದಿತ್ತು ಎಂದು ಮೇಲೆ ಹೇಳಿದೆ. ಜಪಾನಿನ ದಕ್ಷತೆಗೆ ಅದರಿಂದ ಧಕ್ಕೆ ಎಂದು ಯಾರೂ ಆತಂಕಪಡಲಿಲ್ಲ. ಕಲ್ಲೇರಿಸಿ ಕೂತವರ ಬಗ್ಗೆ ಈ ಆತಂಕ ಯಾವ ದೇಶದಲ್ಲೂ ಹುಟ್ಟುವುದಿಲ್ಲ, ಕೆಳಗಿನಿಂದ ಹತ್ತುವವರನ್ನು ಕಂಡಾಗ ಮಾತ್ರ ಹುಟ್ಟುತ್ತದೆ.

ಇಷ್ಟೆಲ್ಲ ಹಳೆಯ ಕಥೆ ಎನ್ನಬೇಡಿ. ಈಗಿನ ಚಕ್ರವರ್ತಿಯ ತಮ್ಮನ ಮಗ ಹಿಸಾಹಿತೊ ಸಿಂಹಾಸನಕ್ಕೆ ಎರಡನೆಯ ಸಾಲಿನಲ್ಲಿರುವ ಹುಡುಗ. ಅವರ ಮನೆಯವರು ಗಕುಶೂಯಿನ್ ಪದ್ಧತಿಯನ್ನೇ ಬಿಟ್ಟು ಅವರನ್ನು ಬೇರೆ ಶಾಲೆಗಳಿಗೆ ಕಳಿಸಿದರು. 2024ರಲ್ಲಿ, ಲಿಖಿತ ಪರೀಕ್ಷೆಯ ಪೈಪೋಟಿ ಇಲ್ಲದೆ ಶಿಫಾರಸಿನ ದಾರಿಯಲ್ಲಿ ಅವರು ಟೋಕಿಯೊ ವಿಶ್ವವಿದ್ಯಾಲಯ ಸೇರಬಹುದು ಎಂಬ ಸುದ್ದಿ ಹಬ್ಬಿತು. ಸಾವಿರಾರು ಜಪಾನೀಯರು ಇದು ಸರಿಯಲ್ಲ ಎಂದು ಆನ್‌ಲೈನ್ ಅರ್ಜಿಗೆ ಸಹಿ ಹಾಕಿದರು. ಅವರು ಗೂಂಡಾಗಳಲ್ಲ, ದೇಶದ್ರೋಹಿಗಳೂ ಅಲ್ಲ. ತಮ್ಮ ಮಕ್ಕಳು ಬರೆಯುವ ಪರೀಕ್ಷೆಯನ್ನು ಅರಮನೆಯ ಮಗುವೂ ಬರೆಯಲಿ ಎಂದರು, ಅಷ್ಟೇ. ಆ ವರ್ಷದ ಡಿಸೆಂಬರ್‌ನಲ್ಲಿ ಹಿಸಾಹಿತೊ ಶಿಫಾರಸು ದಾರಿಯಲ್ಲೇ ತ್ಸುಕುಬಾ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದರು. 2025ರ ಏಪ್ರಿಲ್‌ನಿಂದ ಅಲ್ಲಿ ಜೀವಶಾಸ್ತ್ರ ಓದುತ್ತಿದ್ದಾರೆ. ಅವರಿಗೆ ಏರೋಪ್ಲೇನ್ ಚಿಟ್ಟೆಗಳ ಮೇಲೆ ಬಹಳ ಆಸಕ್ತಿಯಂತೆ.